ಪ್ಲಾಸ್ಟಿಕ್‌ನಿಂದ ಕಾಗದದ ಪ್ಯಾಕಿಂಗ್‌ಗೆ ಬದಲಾಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪ್ಲಾಸ್ಟಿಕ್ ಬಿಟ್ಟು ಕಾಗದಕ್ಕೆ ಬಂದ ಸಣ್ಣ ಉತ್ಪಾದಕರು, ಅಂಗಡಿಯವರು ಎಷ್ಟೋ ಸಲ ಕೆಲವೇ ತಿಂಗಳಲ್ಲಿ ಮತ್ತೆ ಪ್ಲಾಸ್ಟಿಕ್‌ಗೇ ಮರಳುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರಗಳು ಹೆಚ್ಚುಕಡಿಮೆ ಒಂದೇ: ಚೀಲದ ತಳ ಬಿಟ್ಟುಹೋಯಿತು, ಒಳಗಿನ ಸಾಮಾನು ಮೆತ್ತಗಾಯಿತು, ಪೆಟ್ಟಿಗೆ ಕುಸಿಯಿತು, ಗಿರಾಕಿಗಳು ಬೇಸರ ಮಾಡಿಕೊಂಡರು. ಇನ್ನು ಕೆಲವರು ಮರಳುವುದಿಲ್ಲ. ಆದರೆ ಅವರು ಕೊಡುವ ‘ಕಾಗದದ’ ಪೊಟ್ಟಣದ ಒಳಮೈಗೆ ಪ್ಲಾಸ್ಟಿಕ್ ಪದರ ಅಂಟಿರುತ್ತದೆ. ರದ್ದಿ ಕೊಳ್ಳುವವರು ಅದನ್ನು ಮುಟ್ಟುವುದಿಲ್ಲ, ಅದು ಕಸದ ರಾಶಿಗೇ ಸೇರುತ್ತದೆ.

ಎರಡೂ ಕಡೆ ತಪ್ಪಿರುವುದು ಕೆಲಸದ ಕ್ರಮ. ಎಲ್ಲರೂ ಮೊದಲು ಚೀಲ ಆರಿಸುತ್ತಾರೆ. ಆದರೆ ಶುರು ಮಾಡಬೇಕಾದ್ದು ಕೊನೆಯಿಂದ. ಬಳಸಿದ ಮೇಲೆ ಈ ಕಾಗದ ಯಾರ ಕೈ ಸೇರುತ್ತದೆ, ಅವರಿಗೆ ಎಂಥದ್ದು ಬೇಕು ಎಂಬುದು ಮೊದಲು ಗೊತ್ತಾಗಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ, ಅದರಲ್ಲೂ ಐದನೆಯ ಹಂತ ಮುಗಿಯುವವರೆಗೆ ದೊಡ್ಡ ಆರ್ಡರ್ ಕೊಡಬೇಡಿ.

## ಕೈಯಲ್ಲಿ ಇರಬೇಕಾದ್ದು

ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ, ಅಳತೆಪಟ್ಟಿ, ಹರಿತವಾದ ಕಟರ್, ಬಿಗಿ ಮುಚ್ಚಳದ ಗಾಜಿನ ಜಾಡಿ, ಗಾಳಿಯ ತೇವ ತೋರಿಸುವ ಸಣ್ಣ ಮಾಪಕ, ಒಂದು ನೋಟ್‌ಬುಕ್. ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದ್ದು ಮಾದರಿಗಳು. ಕನಿಷ್ಠ ಮೂವರು ತಯಾರಕರಿಂದ ಬೇರೆ ಬೇರೆ ಬಗೆಯ ಚೀಲ, ಪೆಟ್ಟಿಗೆ, ಟೇಪ್ ತರಿಸಿಕೊಳ್ಳಿ. ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಸಂಖ್ಯೆ ಬರೆದಿಡಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಯಾವುದು ಯಾರದ್ದೆಂದು ಗೊತ್ತಾಗುವುದಿಲ್ಲ.

## ಹಂತ 1: ರದ್ದಿ ಕೊಳ್ಳುವವರನ್ನು ಮೊದಲು ಮಾತಾಡಿಸಿ

ಹಳೆಯ ಕಾಗದ ಕಾರ್ಖಾನೆಗೆ ಹೋದ ಮೇಲೆ ಏನಾಗುತ್ತದೆ ಎಂದು ತಿಳಿದರೆ ಮುಂದಿನ ಅರ್ಧ ನಿರ್ಧಾರಗಳು ತಾವಾಗಿಯೇ ಆಗುತ್ತವೆ. ಅಲ್ಲಿ ಕಾಗದವನ್ನು ದೊಡ್ಡ ತೊಟ್ಟಿಯ ನೀರಿನಲ್ಲಿ ಕಡೆಯುತ್ತಾರೆ. ನಾರುಗಳು ಒಂದರಿಂದೊಂದು ಬಿಟ್ಟು ತಿರುಳಾಗುತ್ತವೆ. ಆ ತಿರುಳನ್ನು ಜರಡಿಗಳ ಮೂಲಕ ಹಾಯಿಸಿ ಪಿನ್ನು, ಪ್ಲಾಸ್ಟಿಕ್ ಚೂರು, ಅಂಟಿನ ಮುದ್ದೆಗಳನ್ನು ತೆಗೆದು, ಮತ್ತೆ ಹಾಳೆಯಾಗಿ ಹರಡಿ ಒಣಗಿಸುತ್ತಾರೆ.

ಈ ಕ್ರಮಕ್ಕೆ ಅಡ್ಡ ಬರುವ ವಸ್ತುಗಳು ಕೆಲವೇ. ಎಣ್ಣೆ ನಾರಿಗೆ ಹಿಡಿದರೆ ನೀರಿನಲ್ಲಿ ಬಿಡುವುದಿಲ್ಲ. ಮೇಣ ಸವರಿದ ರಟ್ಟು ಕರಗುವುದಿಲ್ಲ. ಒದ್ದೆಯಾದರೂ ಹರಿಯದಿರಲೆಂದು ರಾಳ ಬೆರೆಸಿದ ಕಾಗದ ತೊಟ್ಟಿಯಲ್ಲೂ ಹರಿಯದೆ ಉಳಿಯುತ್ತದೆ. ಬಿಸಿಗೆ ಕರಗಿ ಹಿಡಿಯುವ ಹಾಟ್‌ಮೆಲ್ಟ್ ಅಂಟು, ಸ್ಟಿಕರ್‌ನ ಅಂಟು ಸಣ್ಣ ಕಣಗಳಾಗಿ ಜರಡಿ ದಾಟಿ ಯಂತ್ರದ ಉರುಳೆಗಳಿಗೆ ಮೆತ್ತಿಕೊಳ್ಳುತ್ತವೆ. ಕಾಗದದ ಲೋಟದಂಥ ವಸ್ತುಗಳ ಒಳಗಿನ ಪಾಲಿಥೀನ್ ಪದರವನ್ನು ಬೇರ್ಪಡಿಸುವ ವ್ಯವಸ್ಥೆ ಎಲ್ಲ ಕಾರ್ಖಾನೆಗಳಲ್ಲೂ ಇರುವುದಿಲ್ಲ.

ಈಗ ಮಾದರಿಗಳನ್ನು ಹಿಡಿದುಕೊಂಡು ರದ್ದಿ ಕೊಳ್ಳುವವರ ಬಳಿ ಹೋಗಿ. ಬರೀ ಮಾತಿನಲ್ಲಿ ಕೇಳಬೇಡಿ, ವಸ್ತುವನ್ನೇ ಕೈಗಿಡಿ. ಇದನ್ನು ತೆಗೆದುಕೊಳ್ಳುತ್ತೀರಾ, ಯಾವ ರಾಶಿಗೆ ಹಾಕುತ್ತೀರಿ, ಯಾವುದನ್ನು ಕಂಡರೆ ವಾಪಸ್ ಕಳಿಸುತ್ತೀರಿ ಎಂದು ವಿಚಾರಿಸಿ. ರದ್ದಿ ವಿಂಗಡಿಸುವ ಹೆಂಗಸರು, ಗಂಡಸರು ಇದ್ದರೆ ಅವರನ್ನೂ ಕೇಳಿ. ಕೈಯಲ್ಲಿ ಮುಟ್ಟಿ ನೋಡಿದ ಕೂಡಲೇ ಪ್ಲಾಸ್ಟಿಕ್ ಪದರ ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಅವರು. ಅವರ ಮಾತನ್ನು ತಯಾರಕರ ಬಣ್ಣದ ಪುಸ್ತಿಕೆಗಿಂತ ಹೆಚ್ಚು ನಂಬಿ.

ಎಚ್ಚರಿಕೆಯ ಗುರುತು: ‘ತೆಗೆದುಕೊಳ್ಳುತ್ತೇವೆ, ಆದರೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಆ ಮಾದರಿಯನ್ನು ಸದ್ಯಕ್ಕೆ ಬದಿಗಿಡಿ.

## ಹಂತ 2: ಸಾಮಾನುಗಳನ್ನು ಮೂರು ಗುಂಪು ಮಾಡಿ

ಪ್ಲಾಸ್ಟಿಕ್ ನಿಮ್ಮ ಸಾಮಾನಿಗೆ ನಿಜವಾಗಿ ಏನು ಮಾಡುತ್ತಿತ್ತು? ತೇವ ತಡೆಯುತ್ತಿತ್ತೇ, ಗಾಳಿ ತಡೆಯುತ್ತಿತ್ತೇ, ಜಿಡ್ಡು ಹೊರಬರದಂತೆ ಹಿಡಿಯುತ್ತಿತ್ತೇ, ಅಥವಾ ಬರೀ ಒಟ್ಟಿಗೆ ಕಟ್ಟಿಡುತ್ತಿತ್ತೇ? ಬರಿಯ ಕಾಗದ ತೇವವನ್ನೂ ಗಾಳಿಯನ್ನೂ ತಡೆಯುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಸಾಮಾನು ಹಾಳಾಗುವುದು ಖಂಡಿತ. ಹಾಗೆ ಹಾಳಾದ ಸಾಮಾನಿನಿಂದ ಆಗುವ ನಷ್ಟ, ಉಳಿಸಿದ ಪ್ಲಾಸ್ಟಿಕ್‌ಗಿಂತ ಪರಿಸರಕ್ಕೂ ದೊಡ್ಡದು.

ಮೊದಲ ಗುಂಪು ಇಂದೇ ಬದಲಾಯಿಸಬಹುದಾದ್ದು: ಬಟ್ಟೆ, ಪುಸ್ತಕ, ಬಿಲ್ಲೆ ಸಾಬೂನು, ಮರದ ಹಾಗೂ ಲೋಹದ ವಸ್ತುಗಳು, ಈಗಾಗಲೇ ಗಾಜಿನ ಬಾಟಲಿಯಲ್ಲೋ ಡಬ್ಬಿಯಲ್ಲೋ ಇರುವ ಪದಾರ್ಥಗಳ ಹೊರಕಟ್ಟು. ಎರಡನೆಯದು ವಿನ್ಯಾಸ ಬದಲಿಸಿ ತರಬಹುದಾದ್ದು: ಸುಲಭವಾಗಿ ಒಡೆಯುವ ವಸ್ತು, ಅಂಚು ಚೂಪಾಗಿರುವ ವಸ್ತು, ಬೇಗ ಖರ್ಚಾಗುವ ಒಣ ಪದಾರ್ಥ. ದ್ರವ, ತೇವ ಹೀರಿ ಗಟ್ಟಿಯಾಗುವ ಪುಡಿ, ತಿಂಗಳುಗಟ್ಟಲೆ ಗರಿಗರಿಯಾಗಿ ಇರಬೇಕಾದ ಎಣ್ಣೆ ತಿಂಡಿ ಮೂರನೆಯ ಗುಂಪು. ಇವನ್ನು ಈಗ ಮುಟ್ಟಬೇಡಿ. ಎಲ್ಲವನ್ನೂ ಒಂದೇ ಸಲ ಬದಲಾಯಿಸುತ್ತೇನೆ ಎಂದು ಹೊರಟವರು ಮೊದಲು ಎಡವುವುದು ಇಲ್ಲೇ.

ಗುಂಪು ಮಾಡುವಾಗಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಹೊದಿಕೆ ಬೇಕೇ ಬೇಕೇ? ಕಾಗದ ತಯಾರಿಕೆಗೂ ಮರ, ನೀರು, ವಿದ್ಯುತ್ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಗಟ್ಟಲು ಕಾಗದದ ಚೀಲವನ್ನು 3 ಸಲವಾದರೂ ಬಳಸಬೇಕು. ಸಮುದ್ರಕ್ಕೆ, ಚರಂಡಿಗೆ, ದನಕರುಗಳ ಹೊಟ್ಟೆಗೆ ಸೇರುವ ಪ್ಲಾಸ್ಟಿಕ್‌ನ ಹಾನಿ ಈ ಲೆಕ್ಕದಲ್ಲಿ ಬರುವುದಿಲ್ಲ, ನಿಜ. ಆದರೂ ಬೇಡದ ಕಡೆ ಕಾಗದ ಸುತ್ತುವುದನ್ನು ಬಿಡುವುದೇ ಎಲ್ಲಕ್ಕಿಂತ ಮೊದಲ ಉಳಿತಾಯ.

## ಹಂತ 3: ಕಾಗದ ಆರಿಸಿ

ಕಾಗದದ ದಪ್ಪವನ್ನು ವ್ಯಾಪಾರದಲ್ಲಿ ಜಿಎಸ್ಎಂ ಲೆಕ್ಕದಲ್ಲಿ ಹೇಳುತ್ತಾರೆ. ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಹಗುರ ಸಾಮಾನಿನ ಪೊಟ್ಟಣಕ್ಕೆ 60ರಿಂದ 80, ಹಿಡಿಕೆ ಇರುವ ಚೀಲಕ್ಕೆ 100ರಿಂದ 120, ಮಡಚುವ ರಟ್ಟಿನ ಡಬ್ಬಿಗೆ 250ರಿಂದ 350 ಜಿಎಸ್ಎಂ ಸಾಮಾನ್ಯ. ತಯಾರಕರು ಹೇಳಿದ್ದು ನಿಜವೇ ಎಂದು ನೀವೇ ನೋಡಬಹುದು. ಹಾಳೆಯಿಂದ 10 ಸೆಂಟಿಮೀಟರ್ ಉದ್ದಗಲದ 10 ಚೌಕಗಳನ್ನು ಕತ್ತರಿಸಿ ಒಟ್ಟಿಗೆ ತೂಗಿ. ಬಂದ ಗ್ರಾಂ ಅನ್ನು 10ರಿಂದ ಗುಣಿಸಿದರೆ ಅದೇ ಜಿಎಸ್ಎಂ. 8 ಗ್ರಾಂ ಬಂದರೆ 80 ಎಂದರ್ಥ. 100 ಎಂದು ಬಿಲ್ ಮಾಡಿ 80 ಕಳಿಸಿದ್ದರೆ ತಕ್ಕಡಿಯಲ್ಲೇ ಗೊತ್ತಾಗುತ್ತದೆ.

ಚೀಲಕ್ಕೆ ಕಂದು ಕ್ರಾಫ್ಟ್ ಕಾಗದ ಒಳ್ಳೆಯದು. ಅದರ ನಾರು ಉದ್ದ, ಹಾಗಾಗಿ ಸುಲಭಕ್ಕೆ ಹರಿಯುವುದಿಲ್ಲ. ಪ್ರತಿ ಸಲ ಮರುಬಳಕೆಯಾದಾಗಲೂ ನಾರು ಒಂದಿಷ್ಟು ಮೊಟಕಾಗುತ್ತದೆ. 5ರಿಂದ 7 ಸುತ್ತು ಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ಆದ್ದರಿಂದ ಪೂರ್ತಿ ಹಳೆಯ ನಾರಿನ ಕಾಗದದಲ್ಲಿ ಚೀಲ ಮಾಡಿಸುವುದಾದರೆ ಒಂದು ಮೆಟ್ಟಿಲು ದಪ್ಪನೆಯದನ್ನು ಆರಿಸಿ.

ಸಾಗಣೆಯ ಪೆಟ್ಟಿಗೆಗೆ ಸುಕ್ಕುಪದರದ ರಟ್ಟು. ಎರಡು ಚಪ್ಪಟೆ ಹಾಳೆಗಳ ನಡುವೆ ಒಂದು ಅಲೆಯಾಕಾರದ ಪದರ ಇದ್ದರೆ 3 ಪ್ಲೈ, ಅಂಥ ಎರಡು ಅಲೆಪದರ ಇದ್ದರೆ 5 ಪ್ಲೈ. ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೆಂದರೆ ಅಲೆಗಳ ದಿಕ್ಕು. ಪೆಟ್ಟಿಗೆಯ ಗೋಡೆಯಲ್ಲಿ ಅವು ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿರಬೇಕು. ಅಡ್ಡಡ್ಡ ಇದ್ದರೆ ಮೇಲೊಂದು ಪೆಟ್ಟಿಗೆ ಇಟ್ಟೊಡನೆ ಗೋಡೆ ಮಡಚಿಕೊಳ್ಳುತ್ತದೆ. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ತಕ್ಷಣ ಗೊತ್ತಾಗುತ್ತದೆ.

ಬಬಲ್ ರ‍್ಯಾಪ್ ಬದಲಿಗೆ ಜೇನುಗೂಡಿನಂತೆ ಹಿಗ್ಗುವ ಕತ್ತರಿಸಿದ ಕಾಗದ ಸಿಗುತ್ತದೆ. ಥರ್ಮಾಕೋಲ್ ಬದಲಿಗೆ ತಿರುಳನ್ನು ಅಚ್ಚಿಗೆ ಹಾಕಿ ಮಾಡಿದ ತಟ್ಟೆಗಳು. ಸ್ವಲ್ಪ ಜಿಡ್ಡು ತಡೆಯಬೇಕಾದ ಕಡೆ ಗ್ಲಾಸೀನ್ ನೋಡಿ. ಇದು ಒತ್ತಿ ನುಣುಪು ಮಾಡಿದ ಕಾಗದ, ಪ್ಲಾಸ್ಟಿಕ್ ಪದರ ಬೇಕಿಲ್ಲ.

ಆಹಾರಕ್ಕೆ ನೇರವಾಗಿ ತಾಗುವ ಕಾಗದದ ವಿಷಯದಲ್ಲಿ ರಾಜಿ ಬೇಡ. ಹಳೆಯ ಪತ್ರಿಕೆಯಲ್ಲಿ ತಿನ್ನುವ ಪದಾರ್ಥ ಕಟ್ಟಲೇಬಾರದು. ಸಾಮಾನ್ಯ ಮರುಬಳಕೆ ರಟ್ಟನ್ನೂ ನೇರ ಸ್ಪರ್ಶಕ್ಕೆ ಬಳಸಬೇಡಿ, ಯಾಕೆಂದರೆ ಮುದ್ರಣ ಶಾಯಿಯ ಖನಿಜ ತೈಲದ ಅಂಶ ಅದರಿಂದ ಆಹಾರಕ್ಕೆ ಇಳಿಯಬಲ್ಲದು. ಜಿಡ್ಡು ತಡೆಯುವ ಕೆಲವು ಕಾಗದಗಳಿಗೆ ಪಿಎಫ್ಎಎಸ್ ಎಂಬ ಫ್ಲೋರಿನ್ ರಾಸಾಯನಿಕ ಸೇರಿಸಿರುತ್ತಾರೆ. ಅದು ಪ್ರಕೃತಿಯಲ್ಲಿ ಬಹುಕಾಲ ಕರಗದೆ ಉಳಿಯುವಂಥದ್ದು. ‘ಇದರಲ್ಲಿ ಪಿಎಫ್ಎಎಸ್ ಇಲ್ಲ, ಆಹಾರ ಸ್ಪರ್ಶಕ್ಕೆ ಯೋಗ್ಯ’ ಎಂದು ತಯಾರಕರಿಂದ ಬರವಣಿಗೆಯಲ್ಲೇ ಪಡೆಯಿರಿ. ಬಾಯಿಮಾತು ಸಾಲದು.

## ಹಂತ 4: ಅಂಟು, ಟೇಪ್, ಶಾಯಿ

ಒಳ್ಳೆಯ ಕಾಗದ ಆರಿಸಿ, ಅದರ ಮೇಲೆ ಪ್ಲಾಸ್ಟಿಕ್ ಟೇಪ್ ಸುತ್ತಿ ಕಳಿಸುವವರೇ ಹೆಚ್ಚು. ನೀರು ಹಚ್ಚಿ ಅಂಟಿಸುವ, ಪಿಷ್ಟದ ಅಂಟಿರುವ ಕಾಗದದ ಟೇಪ್ ಬಳಸಿ. ಅದು ಪೆಟ್ಟಿಗೆಯ ಜೊತೆಗೇ ನೀರಿನಲ್ಲಿ ಕರಗುತ್ತದೆ. ನಡುವೆ ಗಾಜಿನೆಳೆ ಹಾಕಿ ಬಲಪಡಿಸಿದ ಬಗೆಯೂ ಇದೆ, ಅದನ್ನು ತೀರಾ ಭಾರದ ಪೆಟ್ಟಿಗೆಗಷ್ಟೇ ಇಟ್ಟುಕೊಳ್ಳಿ.

ಈ ಟೇಪ್ ನಿಲ್ಲುವುದಿಲ್ಲ ಎಂಬ ದೂರು ಬಂದಾಗ ಟೇಪ್‌ಗಿಂತ ಮೊದಲು ಹಚ್ಚುವ ರೀತಿಯನ್ನು ನೋಡಿ. ರಟ್ಟಿನ ಮೇಲೆ ಧೂಳಿದ್ದರೆ ಹಿಡಿಯುವುದಿಲ್ಲ. ನೀರು ಕಡಿಮೆಯಾದರೆ ಅಂಚು ಏಳುತ್ತದೆ, ಹೆಚ್ಚಾದರೆ ಅಂಟು ತೊಳೆದುಹೋಗುತ್ತದೆ. ಒದ್ದೆ ಸ್ಪಂಜಿನಿಂದ ಒಂದೇ ಎಳೆತದಲ್ಲಿ ಸಮನಾಗಿ ಒದ್ದೆ ಮಾಡಿ, ಅಂಟಿಸಿ, ನಡುವಿನಿಂದ ಎರಡೂ ಬದಿಗೆ ಅಂಗೈಯಿಂದ ಒತ್ತಿ ತೀಡಿ. ಕೆಲವು ನಿಮಿಷ ಅಲುಗಿಸಬೇಡಿ. ಸರಿಯಾಗಿ ಹಿಡಿದಿದ್ದರೆ ಕೀಳುವಾಗ ರಟ್ಟಿನ ಮೇಲ್ಪದರವೂ ಜೊತೆಗೆ ಬರುತ್ತದೆ.

ಮುದ್ರಣಕ್ಕೆ ನೀರು ಆಧಾರಿತ ಶಾಯಿ, ಒಂದೋ ಎರಡೋ ಬಣ್ಣ. ಇಡೀ ಚೀಲಕ್ಕೆ ಬಣ್ಣ ಬಳಿಸಬೇಡಿ. ಹೊಳೆಯುವ ಲ್ಯಾಮಿನೇಷನ್, ಚಿನ್ನದ ಬಣ್ಣದ ಫಾಯಿಲ್ ಅಕ್ಷರ, ಮಿನುಗು ಪುಡಿ, ಪಾರದರ್ಶಕ ಕಿಟಕಿ ಎಲ್ಲವನ್ನೂ ಬಿಡಿ. ಒಳಗಿನ ವಸ್ತು ಕಾಣಲೇಬೇಕೆಂದರೆ ಸಣ್ಣ ತೂತು ಕತ್ತರಿಸಿ, ಅಥವಾ ಅದರ ಚಿತ್ರ ಅಚ್ಚು ಹಾಕಿಸಿ. ಸ್ಟಿಕರ್‌ಗಿಂತ ರಬ್ಬರ್ ಮೊಹರು ಮೇಲು. ಸ್ಟಿಕರ್ ಸುಲಿದ ಮೇಲೆ ಉಳಿಯುವ ನುಣುಪು ಹಾಳೆಗೆ ಸಿಲಿಕೋನ್ ಸವರಿರುತ್ತಾರೆ, ಅದನ್ನು ರದ್ದಿಗೆ ಬೆರೆಸಬಾರದು.

## ಹಂತ 5: ಮನೆಯಲ್ಲೇ ಪರೀಕ್ಷಿಸಿ

ಹರಿದು ನೋಡುವುದು. ಮಾದರಿಯನ್ನು ಓರೆಯಾಗಿ ನಿಧಾನಕ್ಕೆ ಹರಿಯಿರಿ. ಬರಿಯ ಕಾಗದವಾದರೆ ಅಂಚಿನಲ್ಲಿ ನಾರು ಎದ್ದಿರುತ್ತದೆ. ಪ್ಲಾಸ್ಟಿಕ್ ಪದರ ಇದ್ದರೆ ಅದು ಎಳೆದುಕೊಂಡು ತೆಳ್ಳಗೆ ಜೋತು ನಿಲ್ಲುತ್ತದೆ.

ಜಾಡಿ ಪರೀಕ್ಷೆ. ಈ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡುತ್ತೇನೆ ಎನ್ನುವುದಾದರೆ ಇದನ್ನು ಮಾಡಿ. ಟೇಪ್, ಲೇಬಲ್ ಸಮೇತ ಮಾದರಿಯನ್ನು ಎರಡು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ ಒಂದು ಹಿಡಿಯಷ್ಟನ್ನು ಜಾಡಿಗೆ ಹಾಕಿ. ಬೆಚ್ಚಗಿನ ನೀರು ತುಂಬಿ ಅರ್ಧ ಗಂಟೆ ಬಿಡಿ, ಮುಚ್ಚಳ ಬಿಗಿದು ಐದು ನಿಮಿಷ ಜೋರಾಗಿ ಕುಲುಕಿ. ಇನ್ನೊಂದು ಜಾಡಿಯಲ್ಲಿ ಸಾದಾ ಬರೆಯುವ ಹಾಳೆ ಹಾಕಿ ಹೋಲಿಸಿ. ತುಂಡುಗಳು ಬಿಟ್ಟು ಗಂಜಿಯಂತಾದರೆ ಒಳ್ಳೆಯ ಸೂಚನೆ. ಆಮೇಲೆ ಅದನ್ನು ಕಪ್ಪು ಬಟ್ಟೆಯ ಮೇಲೆ ಹರಡಿ ನೋಡಿ: ಮಿಂಚುವ ಚೂರು ಕಂಡರೆ ಪ್ಲಾಸ್ಟಿಕ್, ಬೆರಳಿಗೆ ಮೆತ್ತುವ ಉಂಡೆ ಸಿಕ್ಕರೆ ಅಂಟು, ತುಂಡು ತುಂಡಾಗಿಯೇ ಉಳಿದರೆ ರಾಳ ಬೆರೆಸಿದ ಕಾಗದ. ಇದು ಪ್ರಯೋಗಾಲಯದ ಪ್ರಮಾಣಪತ್ರಕ್ಕೆ ಬದಲಿಯಲ್ಲ. ಆದರೂ ಕೆಟ್ಟ ಮಾದರಿಗಳನ್ನು ಆರಂಭದಲ್ಲೇ ಹೊರಗಿಡಲು ಇದು ಸಾಕು.

ತೂಕ. ಚೀಲಕ್ಕೆ ನಿಜದ ಸಾಮಾನಿನ ಒಂದೂವರೆ ಪಟ್ಟು ತೂಕ ತುಂಬಿ, ಹಿಡಿಕೆ ಹಿಡಿದು ಅರ್ಧ ಗಂಟೆ ನೇತುಹಾಕಿ. ಹಿಡಿಕೆಯ ಬುಡ, ತಳದ ಮಡಿಕೆ ಈ ಎರಡು ಕಡೆ ನೋಡಿ.

ಬೀಳಿಸುವುದು. ಸಾಗಣೆ ಪ್ಯಾಕಿಂಗ್‌ಗೆ ಇಸ್ಟಾ ಸಂಸ್ಥೆ ರೂಪಿಸಿದ 1ಎ ಪರೀಕ್ಷೆಯ ಬೀಳಿಸುವ ಭಾಗವನ್ನು ಯಾರು ಬೇಕಾದರೂ ಮಾಡಬಹುದು. 10 ಕಿಲೋಗಿಂತ ಕಡಿಮೆ ತೂಕದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ 10 ಸಲ ಬೀಳಿಸಬೇಕು: ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆಮೇಲೆ ಆರೂ ಮುಖ. ಪೆಟ್ಟಿಗೆ ನಜ್ಜಾದರೂ ಚಿಂತೆಯಿಲ್ಲ, ಒಳಗಿನದು ಸರಿಯಿದೆಯೇ ಎಂಬುದೇ ಪ್ರಶ್ನೆ.

ತೇವ. ಪರೀಕ್ಷೆ ಮಾಡುವವರು ಬಿಟ್ಟುಬಿಡುವುದು ಇದನ್ನೇ. ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಪೆಟ್ಟಿಗೆ ಮಳೆಗಾಲದಲ್ಲಿ ಕುಸಿಯುವುದು ಇದರಿಂದಲೇ. ಗಾಳಿಯ ತೇವಾಂಶ ಶೇಕಡಾ 50ರಿಂದ 90ಕ್ಕೆ ಏರಿದರೆ ಸುಕ್ಕುರಟ್ಟಿನ ಪೆಟ್ಟಿಗೆಯ ಹೊರೆ ತಾಳುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಚ್ಚಳವಿರುವ ದೊಡ್ಡ ಡ್ರಮ್ಮಿನಲ್ಲಿ ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಅದಕ್ಕೆ ತಾಗದಂತೆ ಎತ್ತರದಲ್ಲಿಟ್ಟು, ಮುಚ್ಚಿ ಒಂದು ದಿನ ಬಿಡಿ. ಹೊರತೆಗೆದ ಕೂಡಲೇ ಮೇಲೆ ನಿಮ್ಮ ನಿಜದ ಹೊರೆ ಇಡಿ. ನಿಲ್ಲದಿದ್ದರೆ 3 ಪ್ಲೈ ಬದಲು 5 ಪ್ಲೈ ಬಳಸಿ, ಇಲ್ಲವೇ ಪೆಟ್ಟಿಗೆಯನ್ನು ಚಿಕ್ಕದು ಮಾಡಿ.

## ಹಂತ 6: ಸಂಗ್ರಹ ಮತ್ತು ತುಂಬುವಿಕೆ

ಕಾಗದದ ದಾಸ್ತಾನನ್ನು ನೆಲಕ್ಕೆ ಇಡಬೇಡಿ, ಗೋಡೆಗೆ ಒರಗಿಸಬೇಡಿ. ಹಲಗೆಯ ಮೇಲಿಟ್ಟು ಮೊದಲು ಬಂದದ್ದನ್ನು ಮೊದಲು ಬಳಸಿ.

ಪೆಟ್ಟಿಗೆಗಳನ್ನು ಪೇರಿಸುವಾಗ ಇಟ್ಟಿಗೆ ಗೋಡೆಯ ಹಾಗೆ ಸಂಧಿ ತಪ್ಪಿಸಿ ಜೋಡಿಸುವ ಅಭ್ಯಾಸ ಹಲವರಿಗಿದೆ. ರಾಶಿ ಭದ್ರವಾಗಿ ಕಾಣುತ್ತದೆ ನಿಜ, ಆದರೆ ಪೆಟ್ಟಿಗೆಯ ಬಲವೆಲ್ಲ ಮೂಲೆಗಳಲ್ಲಿದೆ. ಮೂಲೆಯ ಮೇಲೆ ಮೂಲೆ ಬರುವಂತೆ ನೆಟ್ಟಗೆ ಪೇರಿಸಿ. ಹಲಗೆಯಿಂದ ಅಂಚು ಹೊರಚಾಚದಿರಲಿ.

ಪೆಟ್ಟಿಗೆಯೊಳಗೆ ಖಾಲಿ ಜಾಗ ಉಳಿದರೆ ಎಷ್ಟು ದಪ್ಪ ರಟ್ಟಾದರೂ ಮುಚ್ಚಳ ಒಳಕ್ಕೆ ಕುಸಿಯುತ್ತದೆ. ಮುದುರಿದ ಹಾಳೆಗಳಿಂದ ತುಂಬಿ. ಸಣ್ಣಗೆ ಸೀಳಿದ ಕಾಗದ ಬೇಡ: ಅದು ವಿಂಗಡಿಸುವವರ ಕೈಗೆ ಸಿಗುವುದಿಲ್ಲ, ಗಿರಾಕಿಯ ಮನೆ ತುಂಬ ಚೆಲ್ಲುತ್ತದೆ.

## ಹಂತ 7: ಗಿರಾಕಿಗೆ ಹೇಳುವುದು, ಬೇರೆಯವರನ್ನು ಒಪ್ಪಿಸುವುದು

ಪೊಟ್ಟಣದ ಮೇಲೆ ‘ಪರಿಸರಸ್ನೇಹಿ’ ಎಂದು ಬರೆದರೆ ಓದಿದವರಿಗೆ ಮಾಡಲು ಏನೂ ಸಿಗುವುದಿಲ್ಲ. ಅದರ ಬದಲು ಕೆಲಸ ಹೇಳಿ: ‘ಒದ್ದೆಯಾಗದಂತೆ ಇಡಿ. ಮಡಚಿ ರದ್ದಿಗೆ ಕೊಡಿ. ಟೇಪ್ ಕೀಳಬೇಕಿಲ್ಲ.’ ಜಿಡ್ಡು ತಾಗುವಂಥದ್ದಾದರೆ ‘ಎಣ್ಣೆ ಹಿಡಿದ ಭಾಗ ಹರಿದು ಬೇರೆ ಹಾಕಿ, ಉಳಿದದ್ದು ರದ್ದಿಗೆ’ ಎಂದು ಬರೆಯಿರಿ.

ಗುರುತುಗಳ ವಿಷಯದಲ್ಲಿ ಗೊಂದಲ ಬೇಡ. ಒಂದನ್ನೊಂದು ಹಿಂಬಾಲಿಸುವ ಮೂರು ಬಾಣಗಳ ಚಿಹ್ನೆ ಒಂದೇ ಇದ್ದರೆ ಮರುಬಳಕೆ ಮಾಡಬಹುದಾದ್ದು ಎಂದರ್ಥ, ಜೊತೆಗೆ ಶೇಕಡಾ ಇದ್ದರೆ ಅಷ್ಟು ಭಾಗ ಹಳೆಯ ನಾರಿನದು ಎಂದರ್ಥ. ಅರಣ್ಯ ಪ್ರಮಾಣೀಕರಣ ಸಂಸ್ಥೆಯಾದ ಎಫ್ಎಸ್‌ಸಿಯ ಮುದ್ರೆ ಹೇಳುವುದು ನಾರಿನ ಮೂಲವನ್ನು. ಪೊಟ್ಟಣ ಕರಗುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಣ್ಣಿನಲ್ಲಿ ಕೊಳೆಯುತ್ತದೆ ಎಂಬ ಮಾತಂತೂ ಬೇರೆಯೇ. ಕೊಳೆಯುವ ಎಷ್ಟೋ ವಸ್ತುಗಳು ಕಾಗದದ ಕಾರ್ಖಾನೆಗೆ ಬೇಡವಾದವು.

ಕೌಂಟರ್‌ನಲ್ಲಿ ಇರುವವರಿಗೆ ಒಂದೇ ಅಭ್ಯಾಸ ಕಲಿಸಿ: ಚೀಲ ಕೊಡುವ ಮೊದಲು ‘ಚೀಲ ತಂದಿದ್ದೀರಾ?’ ಎಂದು ಕೇಳುವುದು.

ಸಂಘ, ಶಾಲೆ, ವರ್ತಕರ ಬಳಗದ ಮುಂದೆ ಈ ವಿಷಯ ಇಡಬೇಕಾದವರು ಭಾಷಣ ಸಿದ್ಧಮಾಡಿಕೊಂಡು ಹೋಗುತ್ತಾರೆ. ಬೇಡ. ಎರಡು ಜಾಡಿ ತೆಗೆದುಕೊಂಡು ಹೋಗಿ. ಒಂದರಲ್ಲಿ ಸಾದಾ ಕ್ರಾಫ್ಟ್ ಪೊಟ್ಟಣ, ಇನ್ನೊಂದರಲ್ಲಿ ಒಳಪದರವಿರುವ ಹೊಳೆಯುವ ಪೊಟ್ಟಣ. ಸಭೆ ಶುರುವಾಗುವಾಗ ನೆನೆಹಾಕಿ, ಮಾತು ಮುಗಿಯುವ ಹೊತ್ತಿಗೆ ಅವರ ಕೈಗೇ ಕೊಟ್ಟು ಕುಲುಕಿಸಿ. ನೀರಿನಲ್ಲಿ ಹಾಗೇ ಉಳಿದ ಪ್ಲಾಸ್ಟಿಕ್ ಹಾಳೆಯನ್ನು ತಾವೇ ಬೆರಳಲ್ಲಿ ಎತ್ತಿದವರು ಮುಂದೆ ಪೊಟ್ಟಣ ಕೊಳ್ಳುವಾಗ ಒಳಮೈ ಮುಟ್ಟಿ ನೋಡುತ್ತಾರೆ. ಅಲ್ಲಿಗೆ ರದ್ದಿ ವಿಂಗಡಿಸುವವರೊಬ್ಬರನ್ನು ಕರೆಸಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು ಮಾತಾಡಿಸಿದರೆ ಇನ್ನೂ ಒಳ್ಳೆಯದು. ಈ ಕೆಲಸವನ್ನು ಅವರಷ್ಟು ಬಲ್ಲವರು ಸಭೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

## ಹಂತ 8: ಮೊದಲ ಮೂರು ತಿಂಗಳ ಲೆಕ್ಕ

ಉಳಿದ ಪ್ಲಾಸ್ಟಿಕ್ ದಾಸ್ತಾನನ್ನು ಎಸೆದು ಶುರು ಮಾಡಬೇಡಿ. ಮೂರನೆಯ ಗುಂಪಿನ ಸಾಮಾನಿಗೆ ಅದನ್ನು ಬಳಸಿ ಮುಗಿಸಿ, ಹೊಸದು ತರಿಸಬೇಡಿ.

ಒಂದು ಚೀಲಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದರೆ ಕಾಗದ ದುಬಾರಿಯಾಗಿಯೇ ಕಾಣುತ್ತದೆ. ಸರಿಯಾಗಿ ತಲುಪಿದ ಒಂದೊಂದು ಸಾಮಾನಿಗೆ ಎಷ್ಟು ಬಿತ್ತು ಎಂದು ನೋಡಿ: ಪೊಟ್ಟಣ, ಟೇಪ್, ತುಂಬುವ ಸಮಯ, ಒಡೆದು ವಾಪಸ್ ಬಂದದ್ದು, ಬೇಡವೆಂದು ಕೊಡದೆ ಉಳಿದ ಚೀಲಗಳು, ಎಲ್ಲ ಸೇರಿಸಿ. ವಾಪಸ್ ಬಂದ ಪ್ರತಿಯೊಂದರ ಫೋಟೊ ತೆಗೆದು ಎಲ್ಲಿ ಹರಿಯಿತು ಎಂದು ಬರೆದಿಡಿ. ಬಹುತೇಕ ಒಂದೇ ಜಾಗ ಮತ್ತೆ ಮತ್ತೆ ಬರುತ್ತದೆ. ಅದನ್ನಷ್ಟೇ ಸರಿಪಡಿಸಿ, ಇಡೀ ವಿನ್ಯಾಸ ಬದಲಿಸಲು ಹೋಗಬೇಡಿ.

## ನಿಲ್ಲಿಸಿ ಮತ್ತೆ ನೋಡಬೇಕಾದ ಸೂಚನೆಗಳು

ಕೆಲಸದವರು ಕದ್ದುಮುಚ್ಚಿ ಪ್ಲಾಸ್ಟಿಕ್ ಟೇಪ್ ಸುತ್ತುತ್ತಿದ್ದಾರೆ ಎಂದರೆ ಕಾಗದದ ಟೇಪ್ ಹಿಡಿಯುತ್ತಿಲ್ಲ ಎಂದರ್ಥ. ಬೈಯುವ ಮೊದಲು ನಾಲ್ಕನೆಯ ಹಂತ ಅವರೊಂದಿಗೆ ಕೂತು ಮಾಡಿ. ಒಂದು ಚೀಲದೊಳಗೆ ಇನ್ನೊಂದು ಚೀಲ ಹಾಕಿ ಕೊಡುತ್ತಿದ್ದರೆ ಜಿಎಸ್ಎಂ ಕಡಿಮೆಯಾಗಿದೆ, ತೂಗಿ ನೋಡಿ. ಪೆಟ್ಟಿಗೆಯ ಹೊಟ್ಟೆ ಹೊರಕ್ಕೆ ಉಬ್ಬಿದ್ದರೆ ತೇವ, ಇಲ್ಲವೇ ಅತಿ ಹೊರೆ.

ತಯಾರಕರು ‘ಈ ಸಲದ್ದು ಇನ್ನೂ ಗಟ್ಟಿ, ನೀರೂ ತಾಗುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ ಅದು ಎಲ್ಲಕ್ಕಿಂತ ದೊಡ್ಡ ಸೂಚನೆ. ನಿಮಗೆ ಹೇಳದೆಯೇ ಪದರವನ್ನೋ ರಾಳವನ್ನೋ ಸೇರಿಸಿರಬಹುದು. ಬೆಲೆ, ಬಣ್ಣ, ಹೆಸರು ಏನೂ ಬದಲಾಗಿರದಿದ್ದರೂ ಹೊಸ ಸರಕು ಬಂದ ದಿನ ಮೊದಲ ಕಟ್ಟಿನಿಂದ ಒಂದು ಚೀಲ ತೆಗೆದು ಜಾಡಿ ಪರೀಕ್ಷೆ ಮಾಡಿ, ಅದಾದ ಮೇಲೆ ಬಿಲ್ಲಿಗೆ ಸಹಿ ಹಾಕಿ.